‘ನುರಿತ’ ಎಂಬ ಮಾತಿಗೆ ತಕ್ಕ ಕಲಾಯಿ ಅಂಗಡಿ

ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ತುಸು ದೂರದ ಓಣಿಯೊಂದರಲ್ಲಿದ್ದು, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿದುಕೊಡುವ ಈ ಕಲಾಯಿ ಅಂಗಡಿಯ ಫಲಕದಲ್ಲಿ ‘ನುರಿತ ಕೆಲಸಗಾರರಿಂದ’ ಎಂದು ಬರೆದಿದೆ. ಟ್ಯೂಷನ್ನಿನಿಂದ ಫ್ರಿಜ್ ರಿಪೇರಿಯವರೆಗೆ ಎಲ್ಲ ಜಾಹೀರಾತುಗಳಲ್ಲೂ ಸವೆದುಹೋದ ಆ ಪದವನ್ನು ನಾನು ಮೊದಲು ಗಮನಿಸಲಿಲ್ಲ. ಅಮ್ಮನ ಕಾಲದ ಎರಡು ಹಿತ್ತಾಳೆ ತಪ್ಪಲೆಗಳನ್ನು ಕೊಟ್ಟು, ಕೆಲಸ ಮುಗಿಯುವವರೆಗೆ ಎದುರಿಗೇ ಕುಳಿತು ನೋಡಿದ ಮೇಲೆ ಅದರ ಅರ್ಥ ಮನದಟ್ಟಾಯಿತು.

ನುರಿಯುವುದೆಂದರೆ ಅರೆಯಲ್ಪಟ್ಟು ನುಣ್ಣಗಾಗುವುದು. ಒರಳಿಗೆ ಹಾಕಿದ ಅಕ್ಕಿ ನುರಿಯಬೇಕು, ತುತ್ತನ್ನು ಹಲ್ಲಿನಲ್ಲಿ ನುರಿಸಿ ನುಂಗಬೇಕು ಎನ್ನುವಾಗ ಬಳಸುವ ಕ್ರಿಯಾಪದವೇ ಇದು. ಆದ್ದರಿಂದಲೇ ಹುಟ್ಟಿನಿಂದ ಬಂದ ಪ್ರತಿಭೆಗಾಗಲಿ, ಬರೀ ಓದಿನಿಂದ ಬಂದ ತಿಳಿವಳಿಕೆಗಾಗಲಿ ಈ ಮಾತು ಹೊಂದುವುದಿಲ್ಲ. ನುರಿತ ಚಾಲಕ, ನುರಿತ ಸೂಲಗಿತ್ತಿ ಎಂದಾಗ ವರ್ಷಗಟ್ಟಲೆ ಅದೇ ಕೆಲಸದಲ್ಲಿ ಅರೆದು ಹದಗೊಂಡ ಕೈ ಎಂದೇ ಅರ್ಥ. ‘ಪಳಗಿದ’ ಎಂಬುದು ಇದಕ್ಕೆ ಹತ್ತಿರದ ಮಾತಾದರೂ ಆನೆಯೂ ಪಳಗುತ್ತದೆ, ಅದನ್ನು ಪಳಗಿಸುವವರು ಬೇರೆ ಇರುತ್ತಾರೆ.

ಕಲಾಯಿಯಲ್ಲಿ ಈ ಹದವೇ ಎಲ್ಲ. ಉಜ್ಜಿ ತೊಳೆದ ಪಾತ್ರೆಯನ್ನು ಇದ್ದಿಲ ಉರಿಯಲ್ಲಿ ಕಾಯಿಸಿ, ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿ ಸೋಕಿಸಿ ಹತ್ತಿಯಿಂದ ಒಳಗೆಲ್ಲ ಬಳಿಯಬೇಕು. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಾವು ಸಾಲದಿದ್ದರೆ ಹಿಡಿಯುವುದಿಲ್ಲ, ಮಿತಿಮೀರಿದರೆ ಬಣ್ಣಗೆಡುತ್ತದೆ. ಅಲ್ಲಿನ ಹಿರಿಯರ ಬಳಿ ಉಷ್ಣಮಾಪಕವಿರಲಿಲ್ಲ. ಪಾತ್ರೆಯ ಬಣ್ಣವನ್ನೂ ಹೊಗೆಯನ್ನೂ ನೋಡಿ, ಒಂದು ಕ್ಷಣವೂ ಅನುಮಾನಿಸದೆ ಕಡ್ಡಿ ಸೋಕಿಸಿದರು. ಹತ್ತಿ ನಾಲ್ಕು ಸುತ್ತು ಬರುವಷ್ಟರಲ್ಲಿ ತಪ್ಪಲೆಯ ಒಳಗೆಲ್ಲ ಬೆಳ್ಳಿಯ ಬಣ್ಣ ಹರಡಿತು. ಈ ಹಿಂದೆ ಬೇರೊಂದು ಕಡೆ ಮಾಡಿಸಿದ ಕಲಾಯಿ ಮೂರೇ ತಿಂಗಳಲ್ಲಿ ಎದ್ದುಹೋಗಿ, ಹುಣಸೆ ಹುಳಿಯ ಸಾರಿಗೆ ಕಿಲುಬಿನ ರುಚಿ ಬಂದಿತ್ತು. ಇದು ಎಂಟು ತಿಂಗಳಾದರೂ ಹಾಗೆಯೇ ಇದೆ. ಸೀಸ ಬೆರೆಸದ ಶುದ್ಧ ತವರವನ್ನೇ ಬಳಸುತ್ತೀರಾ ಎಂದು ಕೇಳಿದಾಗ ಅವರು ಬೇಸರಿಸದೆ ತವರದ ಗಟ್ಟಿಯನ್ನೇ ತೋರಿಸಿದರು. ಊಟದ ಪಾತ್ರೆಯಾದ್ದರಿಂದ ಎಲ್ಲಿ ಮಾಡಿಸಿದರೂ ಇದನ್ನು ಕೇಳಲೇಬೇಕು.

ಪಾತ್ರೆಯ ಹೊರಮೈಗೆ ಹಿಡಿದ ಮಸಿಯನ್ನು ಪೂರ್ತಿ ಉಜ್ಜಿ ಕೊಡಲಿಲ್ಲವೆಂಬುದು ಒಂದು ಕೊರತೆ. ಇನ್ನೊಂದು ಕೊರತೆ, ಫಲಕದಲ್ಲಿನ ‘ಕೆಲಸಗಾರರಿಂದ’ ಎಂಬ ಬಹುವಚನಕ್ಕೆ ಸಂಬಂಧಿಸಿದ್ದು: ಅಲ್ಲಿರುವ ಇನ್ನೊಬ್ಬ ಯುವಕ ಸದ್ಯಕ್ಕೆ ಪಾತ್ರೆ ಉಜ್ಜುವುದನ್ನೂ ತಿದಿ ಒತ್ತುವುದನ್ನೂ ಮಾತ್ರ ಮಾಡುತ್ತಾನೆ, ತವರದ ಕಡ್ಡಿ ಇನ್ನೂ ಅವನ ಕೈಗೆ ಬಂದಿಲ್ಲ. ಆದ್ದರಿಂದ ಹಿರಿಯರು ಇರುವ ಹೊತ್ತನ್ನು ವಿಚಾರಿಸಿಕೊಂಡು ಹೋಗಿ.