ಬೆಲ್ ಸೈಫನ್ನೋ, ಟೈಮರ್ರೋ? ಅಕ್ವಾಪೋನಿಕ್ಸ್ ಜಲ್ಲಿ ಬೆಡ್‌ನಲ್ಲಿ ಎರಡನ್ನೂ ನಡೆಸಿ ನೋಡಿದ ಹೋಲಿಕೆ

ಮೀನು, ಗಿಡ ಎರಡನ್ನೂ ಒಂದೇ ನೀರಿನಲ್ಲಿ ಬೆಳೆಸುವುದು ಅಕ್ವಾಪೋನಿಕ್ಸ್. ಮೀನಿನ ತೊಟ್ಟಿಯ ನೀರು ಗಿಡ ನೆಟ್ಟ ಜಲ್ಲಿ ಬೆಡ್‌ಗೆ ಏರಬೇಕು, ಬೇರು ನೆನೆಯಬೇಕು, ಆಮೇಲೆ ಪೂರ್ತಿ ಇಳಿಯಬೇಕು. ಇಳಿಯುವಾಗ ಜಲ್ಲಿಯ ಸಂದಿಗಳಿಗೆ ಗಾಳಿ ನುಗ್ಗುತ್ತದೆ. ಮೀನಿನ ಹೊಲಸಿನ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಕ್ಕೂ ಬೇರಿಗೂ ಬೇಕಾದದ್ದು ಅದೇ ಗಾಳಿ. ಈ ಏರಿಳಿತವನ್ನು ಬೆಲ್ ಸೈಫನ್ನಿಂದಲೂ (ಬೆಡ್ ತುಂಬಿದೊಡನೆ ನೀರನ್ನು ತಾನಾಗಿಯೇ ಎಳೆದು ಬರಿದುಮಾಡುವ ಪೈಪಿನ ಜೋಡಣೆ) ಮಾಡಿಸಬಹುದು, ಪಂಪನ್ನು ಹೊತ್ತಿಗೆ ಸರಿಯಾಗಿ ಓಡಿಸಿ ನಿಲ್ಲಿಸುವ ಟೈಮರ್‌ನಿಂದಲೂ ಮಾಡಿಸಬಹುದು. ಎರಡನ್ನೂ ಒಂದೇ ಅಳತೆಯಲ್ಲಿ ಹೋಲಿಸಿದ್ದೇವೆ: 300 ಲೀಟರ್ ತೊಟ್ಟಿ, 1 ಮೀಟರ್ ಉದ್ದ, 60 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಬೆಡ್. ನೀರು 25 ಸೆಂ.ಮೀ. ತನಕ ಮಾತ್ರ, ಮೇಲಿನ 5 ಸೆಂ.ಮೀ. ಒಣಗಿದ್ದರೆ ಪಾಚಿ ಕಟ್ಟುವುದಿಲ್ಲ. ಜಲ್ಲಿ ತುಂಬಿದ ಮೇಲೆ ಬೆಡ್ ಹಿಡಿಯುವುದು ಸುಮಾರು 60 ಲೀಟರ್ ನೀರು, ಅಂದರೆ ಪ್ರತಿ ಸುತ್ತಿಗೂ ತೊಟ್ಟಿಯ ಐದನೇ ಒಂದು ಪಾಲು ಖಾಲಿ. ಪಂಪನ್ನು ಕೂರಿಸುವಾಗ ಇದು ನೆನಪಿರಲಿ.

ಸೈಫನ್‌ಗೆ ಬೆಡ್‌ನ ನೀರನ್ನು ತೊಟ್ಟಿಗೆ ಇಳಿಸುವ 25 ಮಿ.ಮೀ. ನಿಲುಪೈಪು, ಅದರ ತಲೆಗೆ ಅಗಲ ಬಾಯಿಯ 40×25 ರೆಡ್ಯೂಸರ್, ಮೇಲೆ ಕ್ಯಾಪ್ ಹಾಕಿದ 75 ಮಿ.ಮೀ. ಪೈಪಿನ ಬೆಲ್, ಹೊರಗೆ ಜಲ್ಲಿಯನ್ನು ತಡೆಯಲು ಸೀಳುಗಳಿರುವ 110 ಮಿ.ಮೀ. ಪೈಪಿನ ಗಾರ್ಡ್. ಗಂಟೆಗೆ 300 ಲೀಟರ್ ಹರಿವಿದ್ದರೆ ಹನ್ನೆರಡು ನಿಮಿಷಕ್ಕೆ ಬೆಡ್ ತುಂಬುತ್ತದೆ, ಸೈಫನ್ ಹಿಡಿದ ಮೇಲೆ ಕೆಲವೇ ನಿಮಿಷದಲ್ಲಿ ಬರಿದಾಗಿ, ಕೊನೆಗೆ ಗೊರ್ ಎಂದು ಗಾಳಿ ಎಳೆದುಕೊಂಡು ನಿಲ್ಲುತ್ತದೆ. ಆ ಸದ್ದು ಕೇಳಿಸಿದರೆ ಸೈಫನ್ ಸರಿಯಿದೆ.

ತೊಂದರೆ ಇರುವುದು ಹರಿವಿನಲ್ಲಿ. ಹರಿವು ಕಡಿಮೆಯಾದರೆ ನೀರು ನಿಲುಪೈಪಿನ ಅಂಚಿನಿಂದ ಜಿನುಗುತ್ತಲೇ ಇರುತ್ತದೆ, ಸೈಫನ್ ಹಿಡಿಯುವುದೇ ಇಲ್ಲ. ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ತೊಟ್ಟಿಗೆ ನೀರು ಬೀಳುತ್ತಲೇ ಇರುತ್ತದೆ. ಒಂದು ಗಿಡ ಕಿತ್ತು ನೋಡಿ: ಬೇರು ಬೆಳ್ಳಗಿರದೆ ಕಂದಾಗಿ, ಲೋಳೆಯಾಗಿ, ಕೊಳೆತ ವಾಸನೆ ಬಂದರೆ ಬೆಡ್ ದಿನಗಟ್ಟಲೆ ತುಂಬಿಯೇ ನಿಂತಿದೆ. ಸಾಮಾನ್ಯವಾಗಿ ಕಾರಣ ಪಂಪಿನ ಜಾಲರಿಯಲ್ಲಿ ಕಟ್ಟಿದ ಕಸ. ಹರಿವು ಜಾಸ್ತಿಯಾದರೆ ಇದಕ್ಕೆ ತಿರುಗು ಮುರುಗು: ಬೆಡ್ ಖಾಲಿಯಾದರೂ ಸೈಫನ್ ಕಡಿಯುವುದಿಲ್ಲ, ಸಸಿ ಬಾಡುತ್ತದೆ. ಪಂಪಿನ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ), ವಾಲ್ವ್ ಹಾಕಿ ಹೆಚ್ಚಿನ ನೀರನ್ನು ತೊಟ್ಟಿಗೇ ಹಿಂದಿರುಗಿಸಿ. ಅದರಿಂದ ಮೀನಿಗೂ ಗಾಳಿ ಸಿಗುತ್ತದೆ.

ಟೈಮರ್‌ನಲ್ಲಿ ಬೆಲ್ ಬೇಡ. ಅದೇ ನಿಲುಪೈಪಿನ ಬುಡದಲ್ಲಿ 6 ಮಿ.ಮೀ. ತೂತು ಸಾಕು, ಪಂಪ್ 15 ನಿಮಿಷ ಓಡಿ 45 ನಿಮಿಷ ನಿಲ್ಲುತ್ತದೆ. ಆದರೆ ತೂತು ಒಂದೇ ಇದ್ದರೆ 60 ಲೀಟರ್ ಇಳಿಯಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು, ಅಷ್ಟರಲ್ಲಿ ಮುಂದಿನ ಸುತ್ತು ಶುರುವಾಗಿರುತ್ತದೆ. ಎರಡು ತೂತು ಕೊರೆದರೆ ಅರ್ಧ ಗಂಟೆಯಲ್ಲಿ ಬರಿದಾಗುತ್ತದೆ. ತುಂಬುವಾಗಲೂ ತೂತಿನಿಂದ ನೀರು ಸೋರುವುದರಿಂದ ಪಂಪ್ ಗಂಟೆಗೆ 600 ಲೀಟರಿನದ್ದಿರಲಿ, ಅದೂ ಬೆಡ್‌ನ ಎತ್ತರಕ್ಕೆ ಏರಿಸಿದ ಮೇಲೆ ಬೀಳುವ ಲೆಕ್ಕ. ಪೆಟ್ಟಿಗೆಯ ಮೇಲೆ ಬರೆದಿರುವ ಲೆಕ್ಕವಲ್ಲ. ಬಕೆಟ್ ಇಟ್ಟು ಗಡಿಯಾರ ನೋಡಿ ಅಳೆಯಿರಿ.

ಇಲ್ಲಿ ಕೆಡುವುದು ಎರಡು. ತೂತಿಗೆ ಬೇರಿನ ಎಳೆ ಸೇರಿಕೊಳ್ಳುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸಬೇಕು. ಇನ್ನೊಂದು, ಪಂಪ್ ನಿಂತ 45 ನಿಮಿಷ ಮೀನಿಗೆ ಗಾಳಿ ಬೇರೆ ಕಡೆಯಿಂದ ಬರಬೇಕು. ಟೈಮರ್‌ಗೆ ಸೇರಿಸದೆ ಏರ್ ಪಂಪಿಗೆ ಪ್ರತ್ಯೇಕ ಸಂಪರ್ಕ ಕೊಡಿ, ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ.ಗಿಂತ ಕೆಳಗಿಳಿಯಬಾರದು.

ಯಾವುದೇ ಆದರೂ ಜಲ್ಲಿಗೆ ಮೊದಲು ವಿನೆಗರ್ ಹನಿಸಿ ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ಪಿಎಚ್ ಏರುತ್ತಲೇ ಹೋಗಿ ಗಿಡ ಕಬ್ಬಿಣ ಹೀರದೆ ಎಳೆ ಎಲೆಗಳು ಹಳದಿಯಾಗುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ತುಂಬಬೇಡಿ.

ಹೊಸಬರಿಗೆ ನಮ್ಮ ಆಯ್ಕೆ ಟೈಮರ್. ಶುರುವಿನ ತಿಂಗಳುಗಳಲ್ಲಿ ಪಂಪಿನ ಹರಿವು ಕಸದಿಂದ ಏರುಪೇರಾಗುತ್ತಲೇ ಇರುತ್ತದೆ, ಸೈಫನ್ ಸಹಿಸದಿರುವುದು ಅದನ್ನೇ. ಒಂದೇ ಮುನ್ನೆಚ್ಚರಿಕೆ: 110 ಮಿ.ಮೀ. ಗಾರ್ಡನ್ನು ಜಲ್ಲಿ ಸುರಿಯುವ ಮೊದಲೇ ಕೂರಿಸಿ. ಮುಂದೆ ಸೈಫನ್ ಬೇಕೆನಿಸಿದಾಗ ತೂತಿನ ನಿಲುಪೈಪು ಕಿತ್ತು, ತೂತಿಲ್ಲದ್ದನ್ನು ರೆಡ್ಯೂಸರ್ ಸಮೇತ ಸಿಕ್ಕಿಸಿ, ಬೆಲ್ ಇಳಿಬಿಟ್ಟು, ಟೈಮರ್ ತೆಗೆದು ವಾಲ್ವಿನಲ್ಲಿ ಹರಿವು ಇಳಿಸಿದರೆ ಸಾಕು. ಬೆಡ್ ಅಗೆಯಬೇಕಾಗಿಲ್ಲ.