ಹೊಳೆ ನೀರು ಹೊಕ್ಕ ಚೈನ್ ಸಾ ಉಳಿಸಿಕೊಟ್ಟ ಹಾವೇರಿಯ ರಿಪೇರಿ ಅಂಗಡಿ

ಹಾವೇರಿಯ ಹಾನಗಲ್ ರಸ್ತೆಯಲ್ಲಿ ಸ್ಪ್ರೇ ಪಂಪು, ಕಳೆ ಕೊಚ್ಚುವ ಮಷೀನು ರಿಪೇರಿ ಮಾಡುವ ಸಣ್ಣ ಅಂಗಡಿ ಇದೆ. ಬೋರ್ಡ್ ಇಲ್ಲ, ಟ್ರ್ಯಾಕ್ಟರ್ ಟೈರು ಒಟ್ಟಿರುವ ಕಡೆ ಕೇಳಿದರೆ ತೋರಿಸುತ್ತಾರೆ. ಚೈನ್ ಸಾ, ಅಂದರೆ ಮರ ಕೊಯ್ಯುವ ಪೆಟ್ರೋಲ್ ಗರಗಸ, ನೀರಲ್ಲಿ ಮುಳುಗಿದ್ದರೆ ಬೇರೆ ಕಡೆ ಅಲೆಯದೆ ಅಲ್ಲಿಗೇ ಒಯ್ಯಿರಿ. ವರದಾ ಹೊಳೆ ಏರಿದಾಗ ನಮ್ಮ ಹೊಲದ ಪಂಪ್ ಮನೆಗೆ ನೀರು ನುಗ್ಗಿ, ಅಲ್ಲಿಟ್ಟಿದ್ದ ಚೈನ್ ಸಾ ರಾತ್ರಿಯಿಡೀ ಕೆಸರಲ್ಲೇ ಇತ್ತು.

ನೋಡಿದ ಕೂಡಲೇ ಮೇಸ್ತ್ರಿ ಕೇಳಿದ್ದು, "ಹಗ್ಗ ಜಗ್ಗೀರೇನ್ರಿ?" ಸ್ಟಾರ್ಟ್ ಮಾಡಲು ಎಳೆಯುವ ಹಗ್ಗದ ಬಗ್ಗೆ ಕೇಳಿದ್ದು. ಇಲ್ಲ ಅಂದೆ. "ಹಂಗಾದ್ರ ಉಳೀತೈತಿ ಬಿಡ್ರಿ" ಅಂದರು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗಲ್ಲ. ಸಿಲಿಂಡರ್ ತುಂಬ ನೀರಿರುವಾಗ ಸ್ಪಾರ್ಕ್ ಪ್ಲಗ್ ಬಿಚ್ಚದೆ ಜೋರಾಗಿ ಜಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು, ಕೆಸರಿನ ಕಣ ಪಿಸ್ಟನ್ನನ್ನು ಗೀರಿಬಿಡುತ್ತದೆ. ಇನ್ನೊಂದು ಕಡೆ ಫೋನಿನಲ್ಲಿ ವಿಚಾರಿಸಿದ್ದಾಗ, ಬಿಸಿಲಿಗೆ ಒಣಗಿಸಿ ಸ್ಟಾರ್ಟ್ ಮಾಡಿ ಅಂದಿದ್ದರು. ಹೊರಗೆ ಒಣಗುತ್ತದೆ ನಿಜ, ಒಳಗೆ ಬೇರಿಂಗ್ ತುಕ್ಕು ಹಿಡಿಯುತ್ತಲೇ ಇರುತ್ತದೆ ಅಲ್ವಾ?

ಇವರು ಎಲ್ಲವನ್ನೂ ನನ್ನೆದುರೇ ಬಿಚ್ಚಿದರು. ಪ್ಲಗ್ ತೆಗೆದು, ಮಷೀನು ಮಗುಚಿ ಹಿಡಿದು, ಹಗ್ಗವನ್ನು ಮೆಲ್ಲಗೆ ಜಗ್ಗುತ್ತಾ ನೀರು ಹೊರಹಾಕಿದರು. ಸೈಲೆನ್ಸರ್ ಬಿಚ್ಚಿದರೆ ಅದರಲ್ಲೂ ಕೆಸರು. ಪೆಟ್ರೋಲ್ ಟ್ಯಾಂಕು, ಚೈನ್ ಆಯಿಲ್ ಟ್ಯಾಂಕು ಎರಡೂ ಖಾಲಿ ಮಾಡಿದರು. ಪೆಟ್ರೋಲ್ ಯಾಕೆ ಚೆಲ್ಲಬೇಕು ಅನ್ನಿಸಬಹುದು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ನೀರು ಹೀರಿಕೊಂಡು ಬೇರೆಯಾಗಿ ತಳಕ್ಕೆ ಕೂರುತ್ತದೆ, ಟ್ಯಾಂಕಿನೊಳಗಿನ ಫಿಲ್ಟರ್ ಹೀರುವುದೂ ತಳದಿಂದಲೇ. ಪೆಟ್ರೋಲಿಗೆ ಬೆರೆಸುವ ಎಂಜಿನ್ ಎಣ್ಣೆ, ಅಂದರೆ 2ಟಿ ಆಯಿಲ್, ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿದುಬಿಡುತ್ತದೆ, ಎಂಜಿನ್‌ಗೆ ಎಣ್ಣೆಯೇ ಸಿಗಲ್ಲ.

ಕ್ಲಚ್‌ಗೆ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಗೊತ್ತಿಲ್ಲದವರು ಬಲವಂತ ಮಾಡಿ ಮುರಿದುಬಿಡುತ್ತಾರೆ. ಇವರು ಅದನ್ನು ಬಿಚ್ಚಿ, ಒಳಗಿನ ಸೂಜಿ ಬೇರಿಂಗ್ ತೊಳೆದು ಗ್ರೀಸ್ ಹಚ್ಚಿದರು. ಕಾರ್ಬೋರೇಟರ್‌ಗೆ ಹೊಸ ಡಯಾಫ್ರಮ್ (ಒಳಗಿನ ತೆಳು ಪೊರೆ), ಗ್ಯಾಸ್ಕೆಟ್ ಹಾಕಿ ಹಳೆಯದನ್ನು ಕೈಗೆ ಕೊಟ್ಟರು. ಆಮೇಲೆ ನಮ್ಮ ಮಷೀನಿನ ಪುಸ್ತಕದಲ್ಲಿರುವಂತೆ ಲೀಟರಿಗೆ 20 ಮಿಲಿ ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಹಾಕಿ, ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದರು. ಒಳಗಿನ ತೇವ ಹೋಗಲಿ ಅಂತ. ಬೇರಿಂಗ್ ಮುಂದೆ ಸದ್ದು ಮಾಡಿದರೂ ಮಾಡಬಹುದು, ಗ್ಯಾರಂಟಿ ಕೊಡಲ್ಲ ಅಂತ ಮೊದಲೇ ಹೇಳಿದರು. ನನಗೆ ಅದು ಇಷ್ಟವಾಯಿತು. ಈಗ ಬೇಲಿಯ ಜಾಲಿ ಗಿಡ ಕೊಯ್ಯಲು ಬಳಸುತ್ತಿದ್ದೇವೆ, ಎಳೆತ ಮೊದಲಿನಂತೆಯೇ ಇದೆ.

ಬೇಜಾರಿನ ವಿಷಯ ಅಂದರೆ ಫೋನ್ ಎತ್ತಲ್ಲ, ಹೇಳಿದ ದಿನಕ್ಕೆ ಕೊಡಲ್ಲ, ಬಿಲ್ಲೂ ಇಲ್ಲ. ಆದರೂ ಕೂಲಿ ಜಾಸ್ತಿ ಅನ್ನಿಸಲಿಲ್ಲ, ಹೊಸ ಮಷೀನಿನ ಬೆಲೆ ಮುಂದೆ ಅದು ಏನೂ ಅಲ್ಲ.

ಅದೇ ದಿನ ಒಯ್ಯಲು ಆಗದಿದ್ದರೆ ಪ್ಲಗ್ ಬಿಚ್ಚಿ ನೀರು ಬಸಿದು, ಆ ತೂತಿನಲ್ಲಿ ಸ್ವಲ್ಪ 2ಟಿ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಒಂದೆರಡು ಸಲ ಜಗ್ಗಿ ಇಡಿ. ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ), ಚೈನ್ ಬೇರೆ ಮಾಡಿ ಎಣ್ಣೆ ಹಚ್ಚಿ. ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ.