ಜಿಯೋಡಾ: ನೆರೆಯ ಪ್ರಭಾವವನ್ನು ಅಳೆಯಲು ಉತ್ತಮ, ಕಾರಣ ಹೇಳಲು ಸಾಲದು

ಜಿಲ್ಲೆ, ತಾಲ್ಲೂಕು, ಬಡಾವಣೆಗಳ ಅಂಕಿಅಂಶಗಳನ್ನು ಇಟ್ಟುಕೊಂಡು ಕಾರಣ–ಪರಿಣಾಮಗಳನ್ನು ಹುಡುಕುವವರಿಗೆ ಮೊದಲು ಎದುರಾಗುವ ತೊಡಕೆಂದರೆ, ಒಂದು ಪ್ರದೇಶದ ಸ್ಥಿತಿ ಪಕ್ಕದ ಪ್ರದೇಶದ ಸ್ಥಿತಿಯೊಂದಿಗೆ ಹೆಣೆದುಕೊಂಡಿರುವುದು. ಲುಕ್ ಆನ್ಸೆಲಿನ್ ಅವರ ನೇತೃತ್ವದಲ್ಲಿ ರೂಪುಗೊಂಡು 2003ರಲ್ಲಿ ಬಿಡುಗಡೆಯಾದ ಜಿಯೋಡಾ ಈ ಹೆಣಿಗೆಯನ್ನು ಅಳೆಯುವ ಉಚಿತ ತಂತ್ರಾಂಶ. ಪ್ರೋಗ್ರಾಮಿಂಗ್ ಬಾರದವರೂ ಇದನ್ನು ಬಳಸಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ನಕ್ಷೆ ಮತ್ತು ಮೊರಾನ್ ರೇಖಾಚಿತ್ರಗಳ ನಡುವಿನ ಕೊಂಡಿ. ಮೊರಾನ್ ರೇಖಾಚಿತ್ರದಲ್ಲಿ ಪ್ರತಿ ಪ್ರದೇಶವೂ ಒಂದು ಚುಕ್ಕಿ; ಆ ಪ್ರದೇಶದ ಮೌಲ್ಯವನ್ನು ನೆರೆಯವರ ಸರಾಸರಿಯೊಂದಿಗೆ ಅದು ಹೋಲಿಸುತ್ತದೆ. ರೇಖಾಚಿತ್ರದಲ್ಲಿ ಕೆಲವು ಚುಕ್ಕಿಗಳನ್ನು ಆಯ್ದರೆ ಅವು ಪ್ರತಿನಿಧಿಸುವ ಪ್ರದೇಶಗಳು ನಕ್ಷೆಯಲ್ಲಿ ಆ ಕ್ಷಣವೇ ಎದ್ದು ಕಾಣುತ್ತವೆ. ನೆರೆಯವರು ಯಾರೆಂಬ ತೀರ್ಮಾನ ಮಾತ್ರ ಬಳಕೆದಾರರದೇ. ಕರ್ನಾಟಕದ ನಕ್ಷೆಯೊಂದನ್ನೇ ಕೊಟ್ಟು, ಗಡಿ ತಾಗುವ ಜಿಲ್ಲೆಗಳೇ ನೆರೆ ಎಂದು ಸೂಚಿಸಿದರೆ, ಬೀದರಿಗೆ ಕಲಬುರಗಿಯೊಂದೇ ನೆರೆಯಾಗಿ ಉಳಿದು, ತೆಲಂಗಾಣ ಹಾಗೂ ಮಹಾರಾಷ್ಟ್ರದ ಪಕ್ಕದ ಜಿಲ್ಲೆಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ.

ರಿಗ್ರೆಶನ್ (ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ವಿಧಾನ) ವಿಭಾಗದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಮೆರಿಕದ ಕೊಲಂಬಸ್ ನಗರದ 49 ಬಡಾವಣೆಗಳ ಅಪರಾಧ ದತ್ತಾಂಶ ಈ ಕ್ಷೇತ್ರದಲ್ಲಿ ಎಲ್ಲರೂ ಕಲಿಯುವ ಉದಾಹರಣೆ. ಸಾಮಾನ್ಯ ರಿಗ್ರೆಶನ್‌ನಲ್ಲಿ ಆದಾಯದ ಗುಣಾಂಕ, ಅಂದರೆ ಆದಾಯ ಒಂದು ಘಟಕ ಏರಿದಾಗ ಅಪರಾಧದಲ್ಲಾಗುವ ಬದಲಾವಣೆಯ ಅಂದಾಜು, ಸುಮಾರು –1.60. ನೆರೆಯ ಬಡಾವಣೆಗಳ ಅಪರಾಧವನ್ನೂ ಮಾದರಿಗೆ ಸೇರಿಸಿದಾಗ ಅದು ಸುಮಾರು –1.03ಕ್ಕೆ ಇಳಿಯುತ್ತದೆ, ನೆರೆಯ ಗುಣಾಂಕ 0.43ರಷ್ಟು ಬರುತ್ತದೆ. ಆದಾಯದ ಪ್ರಭಾವ ಕುಗ್ಗಿತೆಂದು ಅವಸರದಲ್ಲಿ ಬರೆದುಬಿಡುವವರು ಬಹಳ. ಆದರೆ ಎಲ್ಲ ಬಡಾವಣೆಗಳ ಆದಾಯವೂ ಏರಿದಾಗ ಆಗುವ ಒಟ್ಟು ಪರಿಣಾಮ ತಿಳಿಯಲು –1.03ನ್ನು 0.57ರಿಂದ (1ರಲ್ಲಿ ನೆರೆಯ ಗುಣಾಂಕ 0.43 ಕಳೆದರೆ ಉಳಿಯುವುದು) ಭಾಗಿಸಬೇಕು, ಆಗ ದೊರೆಯುವುದು ಸುಮಾರು –1.8, ಅಂದರೆ ಮೊದಲಿಗಿಂತಲೂ ದೊಡ್ಡ ಸಂಖ್ಯೆ. ಗುಣಾಂಕಗಳ ಕಾಲಂನಲ್ಲಿ ಕಾಣುವುದು ಈ ಮೊತ್ತವಲ್ಲ.

ಈ –1.8 ಕೂಡ ತಾನಾಗಿಯೇ ಕಾರಣದ ಅಳತೆಯಾಗುವುದಿಲ್ಲ. ಅಪರಾಧ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹಬ್ಬುತ್ತಿದೆಯೋ, ದತ್ತಾಂಶದಲ್ಲಿ ದಾಖಲಾಗದ ಯಾವುದೋ ಒಂದೇ ಅಂಶ ಎರಡನ್ನೂ ಬಾಧಿಸುತ್ತಿದೆಯೋ ಎಂಬುದನ್ನು ಲಗ್ರಾಂಜ್ ಗುಣಕ ಪರೀಕ್ಷೆಗಳು (ನೆರೆಯ ಪ್ರಭಾವವನ್ನು ಮಾದರಿಗೆ ಯಾವ ರೂಪದಲ್ಲಿ ಸೇರಿಸಬೇಕೆಂದು ನೋಡುವ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳು) ಖಚಿತವಾಗಿ ಬೇರ್ಪಡಿಸಲಾರವು. ಯಾವ ಮಾದರಿ ದತ್ತಾಂಶಕ್ಕೆ ಹೆಚ್ಚು ಒಗ್ಗುತ್ತದೆಂಬ ಸುಳಿವನ್ನಷ್ಟೇ ಅವು ಕೊಡುತ್ತವೆ. ಆ ವಿಂಗಡಣೆ ಅಧ್ಯಯನದ ವಿನ್ಯಾಸದಿಂದಲೇ ಬರಬೇಕು.

ದತ್ತಾಂಶವನ್ನು ಅರಿಯುವ ಮೊದಲ ಹಂತಕ್ಕೆ ಜಿಯೋಡಾವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ನೇರ ಪರಿಣಾಮ (ಬಡಾವಣೆಯ ಮೇಲೆ ಅದರದೇ ಆದಾಯದ್ದು) ಮತ್ತು ಪರೋಕ್ಷ ಪರಿಣಾಮಗಳನ್ನು (ನೆರೆಯ ಬಡಾವಣೆಗಳ ಆದಾಯದಿಂದ ಬರುವುದು) ಬೇರೆಬೇರೆಯಾಗಿ ವರದಿ ಮಾಡಬೇಕಾದವರು ಸಂಖ್ಯಾಶಾಸ್ತ್ರಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ನ ಸ್ಪೇಶಿಯಲ್‌ರೆಗ್ ಪ್ಯಾಕೇಜನ್ನೂ ಕಲಿಯುವುದು ಒಳ್ಳೆಯದು.